ವಾರಕ್ಕೊಮ್ಮೆ ಚಾಲೂ ಮಾಡುತ್ತಿದ್ದೆ, ಆದರೂ…

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಎಡಗಾಲು ಮುರಿದುಕೊಂಡದ್ದು ಜೂನ್‌ನಲ್ಲಿ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಅವರ ಕಾರು ಕಲಬುರಗಿಯ ನಮ್ಮ ಮನೆ ಮುಂದೆ, ಬಯಲಲ್ಲೇ ನಿಂತಿತ್ತು. ಆ ವರ್ಷ ಮಳೆಯೂ ಜಾಸ್ತಿ. ಬ್ಯಾಟರಿ ಇಳಿಯಬಾರದು ಅಂತ ಪ್ರತಿ ಭಾನುವಾರ ಹತ್ತು ನಿಮಿಷ ಇಂಜಿನ್ ಓಡಿಸುತ್ತಿದ್ದೆ. ಅಷ್ಟು ಸಾಕು ಅಂತಲೇ ನಂಬಿದ್ದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಪ್ಪ ಕೇಳಿದ್ದು ಒಂದೇ. ಕಮಲಾಪುರದ ಹತ್ತಿರ ಇರುವ ನಮ್ಮ ಹೊಲಕ್ಕೆ ಹೋಗಬೇಕು, ತೊಗರಿ ಹೆಂಗೆ ಎದ್ದಿದೆ ನೋಡಬೇಕು. ಬೆಳಿಗ್ಗೆ ಆರೂವರೆಗೇ ಬಿಳಿ ಅಂಗಿ ತೊಟ್ಟು, ಕೋಲು ಹಿಡಿದು ಕಟ್ಟೆ ಮೇಲೆ ಕೂತಿದ್ದರು.

ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿದರೆ ಬೀಳುತ್ತಿಲ್ಲ. ರಿವರ್ಸ್ ಹಾಕಲು ಹೋದರೆ ಕರ್ರ್ ಅಂತ ಹಲ್ಲು ಕಡಿಯುವ ಸದ್ದು. ಅಪ್ಪ ಅಲ್ಲಿಂದಲೇ ಕೂಗಿದರು, "ಜಬರದಸ್ತಿ ಮಾಡಬ್ಯಾಡೋ!"

ಇಂಜಿನ್ ಬಂದ್ ಮಾಡಿ ನೋಡಿದೆ. ಐದೂ ಗೇರ್, ರಿವರ್ಸ್ ಕೂಡ, ಬೆಣ್ಣೆಯ ಹಾಗೆ ಬಿದ್ದವು. ಅಂದರೆ ಗೇರ್‌ಬಾಕ್ಸ್ ತಪ್ಪಲ್ಲ ಅಲ್ವಾ? ಫಸ್ಟ್ ಗೇರ್‌ನಲ್ಲಿಟ್ಟು, ಕ್ಲಚ್ ಪೂರ್ತಿ ಒತ್ತಿ, ಕೀ ತಿರುಗಿಸಿದೆ. ಕಾರು ಮುಂದಕ್ಕೆ ಜಿಗಿಯಿತು. ಕ್ಲಚ್ ಒತ್ತಿದ್ದರೂ ಇಂಜಿನ್ ಗಾಲಿಯನ್ನು ಬಿಡುತ್ತಿಲ್ಲ.

ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ "ಪ್ಲೇಟ್ ಸವದದ, ಪೂರಾ ಸೆಟ್ ಬದಲಿ ಮಾಡಬೇಕು" ಅಂದರು. ಇದು ನನಗೆ ಸರಿ ಅನ್ನಿಸಲಿಲ್ಲ. ಕ್ಲಚ್ ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಇಂಜಿನ್ ಅರಚುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ನಮ್ಮದು ಅದರ ಉಲ್ಟಾ. ಹಿಡಿಯದಿರುವುದು ಒಂದು ರೋಗ, ಬಿಡದಿರುವುದು ಬೇರೆಯೇ ರೋಗ.

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ. ಎಲ್ಲರಿಗೂ ಅವರು ಚಾಚಾ. ಚಹಾ ಕುಡಿಯುತ್ತಿದ್ದವರು ಹಾಗೇ ಎದ್ದು ಬಂದರು. ನನ್ನ ತಮ್ಮನಿಗೆ ಪೆಡಲ್ ಒತ್ತಲು ಹೇಳಿ, ಬಾನೆಟ್ ಎತ್ತಿ ಗೇರ್‌ಬಾಕ್ಸ್ ಹತ್ತಿರ ಬಗ್ಗಿದರು. ನಮ್ಮದು ಕೇಬಲ್ ಕ್ಲಚ್. ಕೇಬಲ್ ಎಳೆಯುತ್ತಿತ್ತು, ಅದರ ತುದಿಯ ಲಿವರ್ ಪೂರ್ತಿ ಸರಿಯುತ್ತಿತ್ತು. ಆಯಿಲ್ ಕ್ಲಚ್ ಆಗಿದ್ದರೆ ಸೋರಿಕೆ ಇದೆಯಾ, ಪೈಪಿನಲ್ಲಿ ಗಾಳಿ ಸೇರಿದೆಯಾ ಅಂತಲೂ ನೋಡಬೇಕಿತ್ತಂತೆ.

"ಗಾಡಿ ನಿಂತು ಎಷ್ಟ ದಿನ ಆಯ್ತು ಬೇಟಾ?"

"ಮೂರು ತಿಂಗಳು ಚಾಚಾ. ಆದರೆ ವಾರಕ್ಕೊಮ್ಮೆ ಚಾಲೂ ಮಾಡ್ತಿದ್ದೆ."

"ಕ್ಲಚ್ ಒತ್ತತಿದ್ದಿ ಏನು?"

ಒತ್ತುತ್ತಿರಲಿಲ್ಲ. ನ್ಯೂಟ್ರಲ್‌ನಲ್ಲಿ ಕೀ ತಿರುಗಿಸುತ್ತಿದ್ದೆ, ಅಷ್ಟೇ.

ಆಗ ವಿಷಯ ಬಿಡಿಸಿ ಹೇಳಿದರು. ಇಂಜಿನ್ ತಿರುಗಿಸುವ ಚಕ್ರ ಫ್ಲೈವೀಲ್, ಪ್ಲೇಟನ್ನು ಅದಕ್ಕೆ ಒತ್ತಿಹಿಡಿಯುವ ತಟ್ಟೆ ಪ್ರೆಶರ್ ಪ್ಲೇಟ್, ಎರಡೂ ಬೀಡು ಕಬ್ಬಿಣ. ನಡುವೆ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದಾಗ ಮಾತ್ರ ಮೂರರ ಮಧ್ಯೆ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಒತ್ತದೆ ಇಂಜಿನ್ ಎಷ್ಟು ಓಡಿಸಿದರೂ ಮೂರೂ ಅಂಟಿಕೊಂಡೇ ತಿರುಗುತ್ತವೆ. ಮಳೆಗಾಲದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಪ್ಲೇಟನ್ನು ಕಚ್ಚಿಕೊಂಡಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ತಕ್ಷಣ ಅಂದಳು, "ಹಂಚಿಗೆ ರೊಟ್ಟಿ ಹತ್ತಿದಂಗ." ಚಾಚಾ ತಲೆಯಾಡಿಸಿದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಇಂಜಿನ್ ಕಾಲು ಗಂಟೆ ಓಡಿಸಿ ಬಿಸಿ ಮಾಡಿದೆವು. ಬಂದ್ ಮಾಡಿ, ಕಾರನ್ನು ತಳ್ಳಿಕೊಂಡು ಹಿಂದಿನ ಹೊಸ ಲೇಔಟ್‌ನ ಖಾಲಿ ರಸ್ತೆಗೆ ಒಯ್ದೆವು. ಪಕ್ಕದ ಎರೆ ಮಣ್ಣಿನ ಪ್ಲಾಟಿಗೆ ಇಳಿಸಿದ್ದರೆ ಗಾಡಿ ಅಲ್ಲೇ ಹೂತುಹೋಗುತ್ತಿತ್ತು. ಎದುರಿಗೆ ಜನ, ದನ, ಗೋಡೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಚಾಚಾ ಸ್ಟೇರಿಂಗ್ ಹಿಡಿದರು. ಕ್ಲಚ್ ಒತ್ತಿದರೂ ನಿಲ್ಲದ ಗಾಡಿ ಅದು. ಬ್ರೇಕ್ ಒತ್ತಿ ಇಂಜಿನ್ ಸಮೇತ ನಿಲ್ಲಿಸಬೇಕು.

ಫಸ್ಟ್ ಗೇರ್‌ನಲ್ಲಿಟ್ಟು ಕೀ ತಿರುಗಿಸಿದರು. ಕಾರು ಕುಲುಕುತ್ತಾ ಹೊರಟಿತು. ಕ್ಲಚ್ ಪೂರ್ತಿ ಒತ್ತಿಹಿಡಿದೇ ಆಕ್ಸಿಲರೇಟರ್ ಒತ್ತುವುದು, ಬಿಡುವುದು. ಒತ್ತುವುದು, ಬಿಡುವುದು. ನಾನು ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದಿದ್ದೆ. ನಾಲ್ಕನೇ ಸಲವೂ ಆಗಲಿಲ್ಲ. "ಜಾಸ್ತಿ ಜಗ್ಗಿದ್ರ ಬ್ಯಾರೇದು ಮುರೀತದ. ಇನ್ನೆರಡು ಸಲ ನೋಡಿ, ಇಲ್ಲಂದ್ರ ಗೇರ್‌ಬಾಕ್ಸ್ ಇಳಿಸೋಣ" ಅಂದರು. ಆರನೇ ಸಲ ಟಪ್ ಅಂತ ಸದ್ದಾಯಿತು. ಇಂಜಿನ್ ಒಮ್ಮೆಲೆ ಜೋರಾಗಿ ಕೂಗಿತು, ಕಾರು ಮಾತ್ರ ತನ್ನ ಪಾಡಿಗೆ ಮೆಲ್ಲಗೆ ಉರುಳಿತು. ಕ್ಲಚ್ ಬಿಟ್ಟಿತ್ತು! ನನಗೆ ಕಣ್ಣಲ್ಲಿ ನೀರೇ ಬಂತು.

ಚಾಚಾ ನಾಲ್ಕೈದು ಸಲ ಅರ್ಧ ಕ್ಲಚ್‌ನಲ್ಲಿ ಓಡಿಸಿ, ತುಕ್ಕು ಉಜ್ಜಿಹೋಗಲಿ ಅಂದರು. ಎಷ್ಟು ಹೇಳಿದರೂ ಚಹಾದ ದುಡ್ಡಿಗಿಂತ ಜಾಸ್ತಿ ಮುಟ್ಟಲಿಲ್ಲ.

ಹತ್ತು ಗಂಟೆಗೆ ಹುಮನಾಬಾದ್ ರಸ್ತೆ ಹಿಡಿದೆವು. ಹೊಲದಲ್ಲಿ ತೊಗರಿ ಸೊಂಟದವರೆಗೆ ಬಂದಿತ್ತು. ಅಪ್ಪ ಬದುವಿನ ಮೇಲೆ ನಿಂತು ಎಲೆಗಳನ್ನು ಸವರಿದರು, ಬಹಳ ಹೊತ್ತು ಮಾತಾಡಲಿಲ್ಲ. ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡೆವು.

ವಾಪಸ್ ದಾರಿಯಲ್ಲಿ ನಾನು ಗೇರ್ ಬದಲಿಸಿದಾಗಲೆಲ್ಲ ಅಪ್ಪನ ಎಡಗಾಲು ಅಲುಗುತ್ತಿತ್ತು. ಪಕ್ಕದ ಸೀಟಿನಲ್ಲಿ, ಪೆಡಲ್ ಇಲ್ಲದ ಜಾಗದಲ್ಲಿ, ಅವರೂ ಮೆಲ್ಲಗೆ ಕ್ಲಚ್ ಒತ್ತುತ್ತಿದ್ದರು.