ದಿನಚರಿ: ಕಪಾಟಿನಲ್ಲಿದ್ದೂ ಕ್ಯಾಟಲಾಗಿನಲ್ಲಿ ಸಿಗದ ಪುಸ್ತಕ

2025 ಅಕ್ಟೋಬರ್ 1, ಬುಧವಾರ

ಇವತ್ತಿಗೆ ಸರಿಯಾಗಿ 25 ವರ್ಷ. 2000ನೇ ಇಸವಿಯ ಅಕ್ಟೋಬರ್ 1ರಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಚೀನೀ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮವನ್ನು ಬದಲಿಸಿತು. ಅದುವರೆಗೆ ವೇಡ್-ಜೈಲ್ಸ್, ಆಮೇಲೆ ಪಿನ್‌ಯಿನ್. ಅಲ್ಲಿನ ವಿಶ್ವವಿದ್ಯಾಲಯಗಳ ಲೈಬ್ರರಿಗಳೂ ಅದೇ ದಾರಿ ಹಿಡಿದವು. ಹಳೆಯ ದಾಖಲೆಗಳ ದೊಡ್ಡ ಪಾಲನ್ನು ಕಂಪ್ಯೂಟರ್ ಪ್ರೋಗ್ರಾಮೇ ತಿದ್ದಿತು, ಅದಕ್ಕೆ ತಿಳಿಯದ್ದನ್ನು ಕ್ಯಾಟಲಾಗ್ ಮಾಡುವವರು ಕೂತು ತಿದ್ದಿದರು. ಆದರೆ ಅಚ್ಚಾಗಿ ಹೋದ ಪುಸ್ತಕಗಳ ಅಡಿಟಿಪ್ಪಣಿಗಳನ್ನು ತಿದ್ದುವವರು ಯಾರು? 1975ರ ಇಂಗ್ಲಿಷ್ ಪುಸ್ತಕವೊಂದರ ಆಕರಪಟ್ಟಿ ನೋಡಿ, ಅದರಲ್ಲಿದ್ದಂತೆಯೇ ಟೈಪ್ ಮಾಡಿದರೆ ಇಂದಿನ ಕ್ಯಾಟಲಾಗ್ ಎಷ್ಟೋ ಸಲ ಸೊನ್ನೆ ತೋರಿಸುತ್ತದೆ. ಪುಸ್ತಕ ಮಾತ್ರ ಕಪಾಟಿನಲ್ಲೇ ಕೂತಿರುತ್ತದೆ.

ಅಮೆರಿಕ, ಕೆನಡಾಗಳಲ್ಲಿ ಸೆಮಿಸ್ಟರ್ ಶುರುವಾಗಿ ಒಂದು ತಿಂಗಳಾಯಿತು. ಬೆಂಗಳೂರಿನಲ್ಲಿ ಜಪಾನೀ, ಚೀನೀ, ಕೊರಿಯನ್ ಕಲಿತು ಅಲ್ಲಿಗೆ ಓದಲು ಹೋದವರು ಮೊದಲ ಪ್ರಬಂಧಕ್ಕೆ ಮೂಲಭಾಷೆಯ ಪುಸ್ತಕ ಹುಡುಕುವ ಹೊತ್ತು ಇದು. ಅವರಿಗಾಗಿ ಈ ಟಿಪ್ಪಣಿ.

ಚೀನೀಯಿಂದ ಶುರು ಮಾಡೋಣ. ವೇಡ್-ಜೈಲ್ಸ್ ಕ್ರಮ ಇಂಗ್ಲಿಷಿನವರಿಗೆ ಗೊಂದಲ, ಕನ್ನಡದವರಿಗೆ ಸಲೀಸು. ಅದು ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೇರೆಮಾಡುವ ಕ್ರಮ. ನಮ್ಮ 'ತ'ಕಾರಕ್ಕೆ ಬರಿಯ ಟಿ ಅಕ್ಷರ, 'ಥ'ಕಾರಕ್ಕೆ ಟಿ ಮತ್ತು ಅದರ ಪಕ್ಕ ಒಂದು ಅಪಾಸ್ಟ್ರಫಿ. ಪಿನ್‌ಯಿನ್ ಅದೇ 'ತ'ಕಾರಕ್ಕೆ ಡಿ ಬಳಸುತ್ತದೆ, 'ಥ'ಕಾರಕ್ಕೆ ಬರಿಯ ಟಿ. 'ಪ'ಕಾರಕ್ಕೆ ಬಿ, 'ಕ'ಕಾರಕ್ಕೆ ಜಿ. ಹಾಗಾಗಿಯೇ 'ದಾರಿ' ಎಂಬ ಅರ್ಥದ ಪದ ಹಳೆಯ ಪುಸ್ತಕಗಳಲ್ಲಿ ಟಿ ಇಂದ, ಹೊಸ ಕ್ಯಾಟಲಾಗಿನಲ್ಲಿ ಡಿ ಇಂದ ಶುರುವಾಗುತ್ತದೆ. ಉಚ್ಚಾರ ಎರಡರಲ್ಲೂ ಒಂದೇ, ನಮ್ಮ ಕಿವಿಗೆ 'ತಾವ್'. ಹಳೆಯ ಮುದ್ರಣಗಳಲ್ಲಿ ಅಪಾಸ್ಟ್ರಫಿ ಬಿದ್ದುಹೋಗಿದ್ದರೆ ಮಾತ್ರ ತೊಂದರೆ. ಆಗ 'ಛಿಂಗ್' ರಾಜವಂಶವೂ 'ಚಿಂಗ್' ಎಂಬ ಶಾಸ್ತ್ರಗ್ರಂಥವೂ ಒಂದೇ ಆಗಿ ಕಾಣುತ್ತವೆ. ಅರ್ಥ ನೋಡಿಯೇ ಬಿಡಿಸಬೇಕು.

ಹಳೆಯದನ್ನು ಹೊಸದಕ್ಕೆ ತಿರುಗಿಸಲು ಇಷ್ಟು ನೆನಪಿದ್ದರೆ ಬಹುಪಾಲು ಕೆಲಸ ಆಗುತ್ತದೆ: ಎಚ್ಎಸ್ ಇದ್ದಲ್ಲಿ ಎಕ್ಸ್. ಜೆ ಇದ್ದಲ್ಲಿ ಆರ್. ಟಿಎಸ್ ಇದ್ದಲ್ಲಿ ಝಡ್, ಅದಕ್ಕೆ ಅಪಾಸ್ಟ್ರಫಿ ಇದ್ದರೆ ಸಿ. ಸಿಎಚ್‌ದು ಸ್ವಲ್ಪ ತಕರಾರು: ಮುಂದೆ 'ಇ' ಸ್ವರ (ಐಎಚ್ ಎಂದು ಬರೆದದ್ದು ಬಿಟ್ಟು) ಅಥವಾ ಎರಡು ಚುಕ್ಕಿಯ ಯು ಇದ್ದರೆ ಜೆ, ಇಲ್ಲದಿದ್ದರೆ ಝಡ್ಎಚ್. ಅಪಾಸ್ಟ್ರಫಿ ಇರುವ ಸಿಎಚ್ ಆದರೆ ಅದೇ ಜಾಗಗಳಲ್ಲಿ ಕ್ಯು, ಉಳಿದೆಡೆ ಸಿಎಚ್. ವ್ಯಕ್ತಿಗಳ ಹೆಸರಿನ ಮಧ್ಯದ ಅಡ್ಡಗೆರೆ ತೆಗೆದು ಎರಡು ಭಾಗಗಳನ್ನು ಕೂಡಿಸಬೇಕು. ಇದಕ್ಕೂ ಅಪವಾದಗಳಿವೆ. ಸುನ್ ಯಾತ್-ಸೆನ್, ಚಿಯಾಂಗ್ ಕೈ-ಷೆಕ್ ಇವರ ಹೆಸರು ಕ್ಯಾಟಲಾಗಿನಲ್ಲಿ ಇಂದಿಗೂ ಹಳೆಯ ರೂಪದಲ್ಲೇ ಇದೆ. ತೈಪೆಯಲ್ಲಿ ಅಚ್ಚಾದ ಪುಸ್ತಕದ ದಾಖಲೆಯಲ್ಲಿ ಊರಿನ ಹೆಸರು ಪಿನ್‌ಯಿನ್ ಪ್ರಕಾರ 'ತೈಬೇ' ಎಂದಿರುತ್ತದೆ. ತೈವಾನಿನ ಲೇಖಕರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬೇರೆ ಥರ ಬರೆದುಕೊಂಡರೂ ಅವರ ಚೀನೀ ಪುಸ್ತಕ ಸಾಮಾನ್ಯವಾಗಿ ಪಿನ್‌ಯಿನ್ ಅಡಿಯಲ್ಲೇ ಸಿಗುತ್ತದೆ.

ಕಾಗುಣಿತ ಸರಿಯಿದ್ದೂ ಸೊನ್ನೆ ಬಂದರೆ ಪದಗಳ ನಡುವಿನ ಜಾಗ ನೋಡಿ. ಲೈಬ್ರರಿ ನಿಯಮದಲ್ಲಿ ಚೀನೀ ಶೀರ್ಷಿಕೆಯ ಒಂದೊಂದು ಅಕ್ಷರದ ಉಚ್ಚಾರವೂ ಬಿಡಿಬಿಡಿ: 'ಹೊಂಗ್ ಲೌ ಮೆಂಗ್' ಎಂಬ ಕಾದಂಬರಿಯ ಹೆಸರು ಮೂರು ಪದ. ಪಾಠಪುಸ್ತಕದಲ್ಲಿ ಕಲಿತಂತೆ ಕೂಡಿಸಿ ಬರೆದರೆ ಯಂತ್ರ ಅದನ್ನು ಒಂದೇ ಉದ್ದನೆಯ ಪದವೆಂದು ಹುಡುಕುತ್ತದೆ. ಊರು, ದೇಶ, ವ್ಯಕ್ತಿಗಳ ಹೆಸರು ಮಾತ್ರ ಕೂಡಿಯೇ ಇರಬೇಕು, ಚೀನಾ ದೇಶ ಅಂದರೆ 'ಝೊಂಗ್‌ಗುವೊ' ಒಂದೇ ಪದ. ಕೀಬೋರ್ಡಿನಲ್ಲಿ ಎರಡು ಚುಕ್ಕಿಯ ಯು ತರಲು ವಿ ಒತ್ತುವ ಅಭ್ಯಾಸ ಇದ್ದವರು ಕ್ಯಾಟಲಾಗಿನಲ್ಲಿ ಬರಿಯ ಯು ಒತ್ತಿ ನೋಡಿ.

ಇಷ್ಟೆಲ್ಲ ಕಷ್ಟ ಯಾಕೆ, ನೇರ ಚೀನೀ ಅಕ್ಷರದಲ್ಲೇ ಟೈಪ್ ಮಾಡಬಾರದೇ? ಮಾಡಬೇಕು, ಅದೇ ಮೊದಲ ಹೆಜ್ಜೆ. ಆದರೆ ಅದೊಂದೇ ಸಾಲದು. ಮೂಲ ಲಿಪಿಯನ್ನು ಕಂಪ್ಯೂಟರ್ ದಾಖಲೆಗೆ ಸೇರಿಸುವ ಸೌಲಭ್ಯ ಅಮೆರಿಕದ ಲೈಬ್ರರಿಗಳಿಗೆ ಸಿಕ್ಕಿದ್ದು 1983ರಿಂದ ಈಚೆಗೆ. ಇಂದಿಗೂ ಮೂಲ ಲಿಪಿ ಕೂರುವುದು ದಾಖಲೆಯ 880 ಎಂಬ ಜೋಡಿ ಕ್ಷೇತ್ರದಲ್ಲಿ, ಮುಖ್ಯ ಕ್ಷೇತ್ರ ರೋಮನ್. ಹಳೆಯ ಕಾರ್ಡುಗಳನ್ನು ಆತುರದಲ್ಲಿ ಕಂಪ್ಯೂಟರಿಗೆ ಏರಿಸಿದಾಗ ಎಷ್ಟೋ ದಾಖಲೆಗಳಿಗೆ ಆ ಜೋಡಿ ಸೇರಲೇ ಇಲ್ಲ. ಅಂಥ ಪುಸ್ತಕ ಚೀನೀ ಅಕ್ಷರದ ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ಪ್ರತಿ ಪುಸ್ತಕಕ್ಕೂ ಎರಡು ಹುಡುಕಾಟ: ಒಂದು ಮೂಲ ಲಿಪಿಯಲ್ಲಿ, ಇನ್ನೊಂದು ರೋಮನ್‌ನಲ್ಲಿ. ಪೂರ್ತಿ ಶೀರ್ಷಿಕೆ ಹಾಕುವುದಕ್ಕಿಂತ ಲೇಖಕರ ಹೆಸರು ಮತ್ತು ಶೀರ್ಷಿಕೆಯ ಒಂದು ಗಟ್ಟಿ ಪದ ಹಾಕುವುದು ಮೇಲು. ಹಾಕಿದ ಪದ ಹೆಚ್ಚಿದಷ್ಟೂ ತಪ್ಪಿಗೆ ಜಾಗ ಹೆಚ್ಚು.

ಮೂಲ ಲಿಪಿಯಲ್ಲೂ ರೂಪಭೇದ ಇದೆ. 'ಗ್ರಂಥಾಲಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಚೀನೀಯಲ್ಲಿ 'ಥುಷುಗ್ವಾನ್', ಜಪಾನೀಯಲ್ಲಿ 'ತೊಶೊಕನ್', ಕೊರಿಯನ್ನಿನಲ್ಲಿ 'ತೊಸೊಗ್ವಾನ್'. ಮೂರಕ್ಕೂ ಮೂಲ ಒಂದೇ. ಅದರ ಮೊದಲ ಅಕ್ಷರ ತೈವಾನ್, ಹಾಂಗ್‌ಕಾಂಗ್‌ಗಳ ಸಾಂಪ್ರದಾಯಿಕ ರೂಪದಲ್ಲಿ 14 ಗೆರೆ, ಚೀನಾದ ಸರಳೀಕೃತ ರೂಪದಲ್ಲಿ 8, ಜಪಾನಿನಲ್ಲಿ 7. ಕೆಲವು ಕ್ಯಾಟಲಾಗುಗಳು ಈ ಮೂರನ್ನೂ ಒಂದೇ ಎಂದು ತಿಳಿಯುತ್ತವೆ, ಕೆಲವು ತಿಳಿಯುವುದಿಲ್ಲ. ನಿಮ್ಮ ಲೈಬ್ರರಿ ಯಾವ ಗುಂಪಿನದು ಎಂದು ಪರೀಕ್ಷಿಸಲು ಇದೇ ಅಕ್ಷರವನ್ನು ಮೂರು ರೂಪದಲ್ಲೂ ಹಾಕಿ, ಬಂದ ಫಲಿತಾಂಶಗಳ ಸಂಖ್ಯೆ ಹೋಲಿಸಿ. ಒಂದೇ ಸಂಖ್ಯೆ ಬಂದರೆ ನಿಶ್ಚಿಂತೆ. ಬೇರೆಬೇರೆ ಬಂದರೆ ಇನ್ನು ಮುಂದೆ ಪುಸ್ತಕ ಅಚ್ಚಾದ ದೇಶದ ರೂಪದಲ್ಲೇ ಟೈಪ್ ಮಾಡಿ.

ಜಪಾನೀ ಪುಸ್ತಕಗಳಿಗೆ ಪರಿಷ್ಕೃತ ಹೆಪ್‌ಬರ್ನ್ ಪದ್ಧತಿ. ದೀರ್ಘಸ್ವರದ ಮೇಲೆ ಗೆರೆ ಇರುತ್ತದೆ, ಟೈಪ್ ಮಾಡುವಾಗ ಅದನ್ನು ಬಿಟ್ಟರೆ ನಡೆಯುತ್ತದೆ. ಆದರೆ ಕೀಬೋರ್ಡಿನ ರೂಢಿಯಂತೆ ಓ ಪಕ್ಕ ಯು ಸೇರಿಸಿ ತೋಕ್ಯೋ ಬರೆದರೆ ಏನೂ ಸಿಗದು. ಪತ್ರಿಕೆಗೆ ಜಪಾನೀಯಲ್ಲಿ ಹೇಳುವ 'ಶಿನ್‌ಬುನ್' ಪದವನ್ನು ಲೈಬ್ರರಿ ಎನ್ ಅಕ್ಷರದಿಂದ ಬರೆಯುತ್ತದೆ, ಅಸಾಹಿ ಪತ್ರಿಕೆ ತನ್ನ ಇಂಗ್ಲಿಷ್ ಹೆಸರಿನಲ್ಲಿ ಎಮ್ ಬಳಸುತ್ತದೆ. ಜಪಾನೀಯ ನಿಜವಾದ ಕಷ್ಟ ಓದಿನದು. ದೇಶದ ಹೆಸರನ್ನೇ 'ನಿಹೊನ್' ಎಂದೂ 'ನಿಪ್ಪೊನ್' ಎಂದೂ ಓದಬಹುದು, ಎರಡನ್ನೂ ಹಾಕಿ ನೋಡಬೇಕು. ಚೀನೀ ಲೇಖಕರ ಹೆಸರನ್ನು ಜಪಾನಿನವರು ತಮ್ಮ ಉಚ್ಚಾರದಲ್ಲೇ ಓದುತ್ತಾರೆ: ಲು ಷುನ್ ಅಲ್ಲಿ 'ರೋ ಜಿನ್', ಮಾವೋ ಝೆದೊಂಗ್ 'ಮೋ ತಕುತೋ'. ಜಪಾನಿನ ವಿಶ್ವವಿದ್ಯಾಲಯಗಳ ಜಂಟಿ ಕ್ಯಾಟಲಾಗ್ ಆದ ಸೈನಿ ಬುಕ್ಸ್‌ನಲ್ಲಿ ಉಚ್ಚಾರ ತೋರಿಸುವ ಕತಕಾನ ಲಿಪಿಯಲ್ಲಿ ಓದು ಕೊಟ್ಟಿರುತ್ತಾರೆ. ಅಲ್ಲಿ ಓದು ತಿಳಿದುಕೊಂಡು ನಿಮ್ಮ ಕ್ಯಾಟಲಾಗಿಗೆ ಮರಳುವುದು ಒಳ್ಳೆಯ ಉಪಾಯ.

ಕೊರಿಯನ್‌ಗೆ ಲೈಬ್ರರಿಗಳು ಇನ್ನೂ ಮೆಕ್ಯೂನ್-ರೈಷಾವರ್ ಪದ್ಧತಿಯನ್ನೇ ಇಟ್ಟುಕೊಂಡಿವೆ. ದಕ್ಷಿಣ ಕೊರಿಯಾ ಸರ್ಕಾರ 2000ದಲ್ಲಿ ಬೇರೆ ಪದ್ಧತಿ ತಂದಿತು, ಇಂದಿನ ವಿದ್ಯಾರ್ಥಿಗಳು ಕಲಿಯುವುದು ಅದನ್ನೇ. ಬೂಸಾನ್ ಊರು ಕ್ಯಾಟಲಾಗಿನಲ್ಲಿ ಪಿ ಅಡಿಯಲ್ಲಿ, ಜೊಸನ್ ರಾಜವಂಶ ಸಿಎಚ್ ಅಡಿಯಲ್ಲಿ, ಲೀ ಎಂದು ಬರೆದುಕೊಳ್ಳುವವರು 'ಯೀ' ಅಡಿಯಲ್ಲಿ, ಪಾರ್ಕ್ ಎಂಬವರು ಆರ್ ಇಲ್ಲದ 'ಪಾಕ್' ಅಡಿಯಲ್ಲಿ. ಇಲ್ಲೂ ಅಪಾಸ್ಟ್ರಫಿ ಎಂದರೆ ಸಾಮಾನ್ಯವಾಗಿ ಮಹಾಪ್ರಾಣವೇ. ಕೊರಿಯನ್ ಲಿಪಿಯಾದ ಹಂಗುಲ್‌ನಲ್ಲಿ ಟೈಪ್ ಮಾಡಿದರೆ ಹೊಸ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ಹಳೆಯ ಪುಸ್ತಕಗಳ ಶೀರ್ಷಿಕೆ ಚೀನೀ ಅಕ್ಷರದಲ್ಲಿರುವುದರಿಂದ ಅದನ್ನೂ ಪ್ರಯತ್ನಿಸಬೇಕು.

ಕನ್ನಡ ಪುಸ್ತಕಗಳೂ ಇದೇ ಕ್ಯಾಟಲಾಗುಗಳಲ್ಲಿ ಇದೇ ಬಗೆಯ ನಿಯಮದಲ್ಲಿವೆ, ಬೇಂದ್ರೆಯವರ ಹೆಸರಿನ 'ಬೇ'ಗೂ ತಲೆಯ ಮೇಲೆ ದೀರ್ಘದ ಗೆರೆ ಇದೆ. ಕಪಾಟಿನಲ್ಲೂ ನಾವು ನೆರೆಯವರೇ. ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣದಲ್ಲಿ ಪಿಎಲ್ 501ರಿಂದ 889 ಜಪಾನೀ ಭಾಷೆ ಮತ್ತು ಸಾಹಿತ್ಯ, 901ರಿಂದ 998 ಕೊರಿಯನ್, 1001ರಿಂದ 3208 ಚೀನೀ. ಅದೇ ಪಿಎಲ್‌ನಲ್ಲಿ 4601ರಿಂದ 4961ರವರೆಗೆ ದ್ರಾವಿಡ ಭಾಷೆಗಳು. ಇತಿಹಾಸಕ್ಕೆ ಡಿಎಸ್: 701ರಿಂದ 799 ಚೀನಾ, 801ರಿಂದ 897 ಜಪಾನ್, 901ರಿಂದ 937 ಕೊರಿಯಾ.

ಕಾಲ್ ನಂಬರಿನಲ್ಲಿ, ಅಂದರೆ ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಸಂಖ್ಯೆಯಲ್ಲಿ, ರೋಮನ್ ಅಕ್ಷರಗಳ ಬದಲು ಬರಿಯ ಅಂಕಿ ಕಂಡರೆ ಅದು ಹಳೆಯ ಹಾರ್ವರ್ಡ್-ಯೆಂಚಿಂಗ್ ವರ್ಗೀಕರಣ ಇರಬಹುದು. ಹಾರ್ವರ್ಡ್-ಯೆಂಚಿಂಗ್ ಲೈಬ್ರರಿಯ ಮೊದಲ ಗ್ರಂಥಪಾಲ ಆಲ್ಫ್ರೆಡ್ ಕೈಮಿಂಗ್ ಛಿಯು ರೂಪಿಸಿದ್ದು ಅದು. ಎಷ್ಟೋ ಲೈಬ್ರರಿಗಳು ದಶಕಗಳ ಕಾಲ ಅದನ್ನು ಬಳಸಿದವು. ಅದರಲ್ಲಿ 100ರಿಂದ 999 ಚೀನೀ ಶಾಸ್ತ್ರಗ್ರಂಥಗಳು, 1000ದಿಂದ ತತ್ತ್ವಶಾಸ್ತ್ರ ಮತ್ತು ಧರ್ಮ, 2000ದಿಂದ ಇತಿಹಾಸ, 5000ದಿಂದ ಭಾಷೆ ಮತ್ತು ಸಾಹಿತ್ಯ. ಲೇಖಕ ಸಂಖ್ಯೆ ಬರುವುದು ಚೀನೀ ಅಕ್ಷರದ ನಾಲ್ಕು ಮೂಲೆಗಳ ಆಕಾರದಿಂದ, ವರ್ಣಮಾಲೆಯಿಂದಲ್ಲ. ಎರಡೂ ವರ್ಗೀಕರಣ ಬಳಸಿದ ಲೈಬ್ರರಿಯಲ್ಲಿ ಒಂದೇ ಲೇಖಕರ ಹಳೆಯ, ಹೊಸ ಪುಸ್ತಕಗಳು ಬೇರೆ ಬೇರೆ ಸಾಲುಗಳಲ್ಲಿರುತ್ತವೆ. ಕಪಾಟು ನೋಡುತ್ತ ಹೋಗುವವರು ಎರಡೂ ಕಡೆ ನೋಡಬೇಕು.

ಶೀರ್ಷಿಕೆ ಎಲ್ಲಿ ಹುಡುಕಿದರೂ ಸಿಗಲಿಲ್ಲವಾದರೆ ಅದು ಯಾವುದೋ ಮಾಲೆಯೊಳಗೆ ಅಡಗಿದೆಯೇ ನೋಡಿ. ಚೀನೀ ಪ್ರಾಚೀನ ಕೃತಿಗಳ ವಿಷಯದಲ್ಲಿ ಇದು ದಿನನಿತ್ಯದ ಮಾತು. ಛಿಂಗ್ ಕಾಲದ ಮಹಾಸಂಗ್ರಹ 'ಸಿ ಕು ಛ್ವಾನ್ ಷು'ವಿನ ವೆನ್‌ಯುವಾನ್ ಭವನದ ಪ್ರತಿಯನ್ನು ತೈಪೆಯಲ್ಲಿ 1983ರಿಂದ 1986ರ ನಡುವೆ 1500 ಸಂಪುಟಗಳಲ್ಲಿ ಮರುಮುದ್ರಿಸಿದರು. ಒಳಗೆ ಮೂರು ಸಾವಿರಕ್ಕೂ ಮಿಕ್ಕಿ ಕೃತಿಗಳು. ಎಷ್ಟೋ ಕ್ಯಾಟಲಾಗುಗಳಲ್ಲಿ ಒಳಗಿನ ಪ್ರತಿ ಕೃತಿಗೂ ಬೇರೆ ದಾಖಲೆ ಇಲ್ಲ, ಇಡೀ ಸಂಗ್ರಹಕ್ಕೆ ಒಂದೇ ದಾಖಲೆ. ಮೊದಲು ಸೂಚಿ ಸಂಪುಟ ತೆರೆದು ಕೃತಿ ಎಷ್ಟನೇ ಸಂಪುಟದಲ್ಲಿದೆ ಎಂದು ತಿಳಿಯಬೇಕು. ಇಲ್ಲಿ 'ಜುವಾನ್' ಮತ್ತು 'ತ್ಸೆ' ಎಂಬ ಎರಡು ಮಾತುಗಳನ್ನು ಬೆರೆಸಬೇಡಿ. ಜುವಾನ್ ಕೃತಿಯೊಳಗಿನ ವಿಭಾಗ, ನಮ್ಮ ಹಳಗನ್ನಡ ಕಾವ್ಯದ ಆಶ್ವಾಸದಂತೆ. ತ್ಸೆ ಕೈಗೆ ಸಿಗುವ ಸಂಪುಟ. ದೂರದ ಉಗ್ರಾಣದಿಂದ ತರಿಸುವ ಕೋರಿಕೆಯಲ್ಲಿ ತ್ಸೆ ಸಂಖ್ಯೆ ಬರೆಯಬೇಕು. ಜುವಾನ್ ಸಂಖ್ಯೆ ಬರೆದರೆ ಬೇರೆಯೇ ಪುಸ್ತಕ ಬಂದು ಕೂರುತ್ತದೆ, ಮತ್ತೆ ಕೋರಿಕೆ, ಮತ್ತೆ ಕಾಯುವಿಕೆ.

ನಿಮ್ಮಲ್ಲಿಲ್ಲದ್ದನ್ನು ಬೇರೆ ವಿಶ್ವವಿದ್ಯಾಲಯದಿಂದ ಎರವಲು ತರಿಸುವಾಗ ಅರ್ಜಿಯಲ್ಲಿ ಮೂಲ ಲಿಪಿ, ರೋಮನ್ ಎರಡೂ ಶೀರ್ಷಿಕೆ ಕೊಡಿ. ಹಲವು ದೇಶಗಳ ಲೈಬ್ರರಿಗಳ ಜಂಟಿ ಕ್ಯಾಟಲಾಗ್ ಆದ ವರ್ಲ್ಡ್‌ಕ್ಯಾಟ್‌ನಲ್ಲಿ ದಾಖಲೆಗೆ ಕೊಟ್ಟಿರುವ ಓಸಿಎಲ್‌ಸಿ ಸಂಖ್ಯೆಯನ್ನೂ ಹಾಕಿ, ಅರ್ಜಿ ನೋಡುವವರಿಗೆ ಆ ಭಾಷೆ ಬರದಿದ್ದರೂ ಕೆಲಸ ನಡೆಯುತ್ತದೆ. ಐಎಸ್‌ಬಿಎನ್ ಇದ್ದರೆ 978ರ ಮುಂದಿನ ಅಂಕಿ ನೋಡಿ: 4 ಜಪಾನ್, 7 ಚೀನಾ, 89 ಕೊರಿಯಾ, 957 ಮತ್ತು 986 ತೈವಾನ್, 962 ಮತ್ತು 988 ಹಾಂಗ್‌ಕಾಂಗ್. ನಮ್ಮ ಪುಸ್ತಕಗಳ 81, 93 ಇದ್ದ ಹಾಗೆ. 979-11 ಎಂದು ಶುರುವಾದರೆ ಅದೂ ಕೊರಿಯಾ. ಒಂದೇ ಕೃತಿಯ ತೈಪೆ ಮುದ್ರಣ, ಬೀಜಿಂಗ್ ಮುದ್ರಣಗಳ ಪುಟಸಂಖ್ಯೆ ಬೇರೆಯಾದ್ದರಿಂದ ಇದು ಮುಖ್ಯ. ಚೀನೀ ಬಹುಸಂಪುಟಗಳಿಗೆ ಎಷ್ಟೋ ಸಲ ಇಡೀ ಗುಂಪಿಗೆ ಒಂದೇ ಐಎಸ್‌ಬಿಎನ್ ಇರುತ್ತದೆ, ಸಂಪುಟ ಸಂಖ್ಯೆ ಪ್ರತ್ಯೇಕವಾಗಿ ಬರೆಯಲೇಬೇಕು.

ಪ್ರಕಟಣೆಯ ವರ್ಷವನ್ನೂ ಲೆಕ್ಕ ಹಾಕಿಯೇ ಬರೆಯಬೇಕು. ಜಪಾನೀ ಪುಸ್ತಕದ ವಿವರ ಕೊನೆಯ ಪುಟದ 'ಓಕುಝುಕೆ'ಯಲ್ಲಿ ಇರುತ್ತದೆ. ಅಲ್ಲಿ ವರ್ಷ ಚಕ್ರವರ್ತಿಗಳ ಆಳ್ವಿಕೆಯ ಶಕೆಯಲ್ಲಿದ್ದರೆ, ಮೇಜಿ ವರ್ಷಕ್ಕೆ 1867 ಕೂಡಿಸಿ, ತೈಶೋಗೆ 1911, ಶೋವಾಗೆ 1925, ಹೇಸೇಗೆ 1988, ರೇವಾಗೆ 2018. ತೈವಾನಿನ ಮಿನ್‌ಗುವೊ ವರ್ಷಕ್ಕೂ ಉತ್ತರ ಕೊರಿಯಾದ ಜೂಚೆ ವರ್ಷಕ್ಕೂ 1911. ದಕ್ಷಿಣ ಕೊರಿಯಾದ 1950ರ ದಶಕದ ಪುಸ್ತಕದಲ್ಲಿ 4288 ಎಂದಿದ್ದರೆ ಗಾಬರಿ ಬೇಡ, 'ದಾನ್‌ಗಿ' ಎಂಬ ಕೊರಿಯಾದ ಶಕೆ ಅದು. 2333 ಕಳೆದರೆ 1955.

ದಾರದಿಂದ ಹೊಲಿದ ಹಳೆಯ ಪುಸ್ತಕಗಳನ್ನು ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ. ಅಂಥ ಕಡೆ ಬೇಕಾದ ಪುಟಗಳ ಸ್ಕ್ಯಾನ್ ಕೇಳಿ. ಕರ್ನಾಟಕದಲ್ಲೇ ಕೂತು ಹುಡುಕುವವರಿಗೆ ಹಕ್ಕುಸ್ವಾಮ್ಯ ಮುಗಿದ ಜಪಾನೀ ಸಾಹಿತ್ಯ ಅಓಝೋರಾ ಬುಂಕೋ ಜಾಲತಾಣದಲ್ಲಿ, ಪ್ರಾಚೀನ ಚೀನೀ ಪಠ್ಯಗಳು ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್ ಜಾಲತಾಣದಲ್ಲಿ ಉಚಿತ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ 'ಇಂಟರ್ನೆಟ್ ಪ್ರಕಟಣೆ' ಎಂದು ಗುರುತಿಸಿದ್ದು ಎಲ್ಲರಿಗೂ ತೆರೆಯುತ್ತದೆ. 2022ರ ಮೇಯಲ್ಲಿ ಶುರುವಾದ, ನೋಂದಾಯಿಸಿಕೊಂಡವರು ತಮ್ಮ ಕಂಪ್ಯೂಟರಿನಲ್ಲೇ ಓದುವ ವ್ಯಕ್ತಿಗತ ಪ್ರಸರಣ ಸೇವೆ ಜಪಾನಿನಲ್ಲಿ ವಾಸಿಸುವವರಿಗಾಗಿ ಇರುವುದು.

ಸ್ಕ್ಯಾನ್ ಕೇಳುವಾಗ ಒಂದು ಸಾಲು ಮರೆಯದೆ ಸೇರಿಸಿ: 'ಪುಸ್ತಕ ಬಲದಿಂದ ಎಡಕ್ಕೆ ತೆರೆಯುತ್ತದೆ, ಪುಟ ಇಷ್ಟರಿಂದ ಇಷ್ಟು.' ಮೇಲಿನಿಂದ ಕೆಳಕ್ಕೆ ಅಚ್ಚಾದ ಪುಸ್ತಕದಲ್ಲಿ ಬೆನ್ನು ಬಲಗಡೆ, ನಮಗೆ ಹಿಂಬದಿ ಅನಿಸುವ ರಟ್ಟೇ ಅದರ ಮುಖಪುಟ. ಗೊತ್ತಿಲ್ಲದವರು ಎಡದಿಂದ ಸ್ಕ್ಯಾನ್ ಮಾಡಿದರೆ ಕಡತದಲ್ಲಿ ಪುಟಗಳು ಹಿಂದುಮುಂದಾಗಿ ಕೂರುತ್ತವೆ. ಜೋಡಿಪುಟ ಕತ್ತರಿಸುವ ತಂತ್ರಾಂಶವೂ ಎಡದ ಪುಟವನ್ನೇ ಮೊದಲಿಡುತ್ತದೆ, ಆಗ 42ರ ಮುಂಚೆ 43 ಬರುತ್ತದೆ. ಕಡತ ಬಂದ ದಿನವೇ ಮೊದಲ ನಾಲ್ಕು ಪುಟಗಳ ಸಂಖ್ಯೆ ನೋಡಿಬಿಡಿ. ಪುಸ್ತಕ ಇನ್ನೂ ಮೇಜಿನ ಮೇಲಿರುವಾಗ ಕೇಳಿದರೆ ಮತ್ತೊಮ್ಮೆ ಮಾಡಿಕೊಡುವುದು ಸುಲಭ.