ಬೂಷ್ಟನ್ನ ಎಲ್ಲರೂ ಉಸಿರಾಡ್ತೀವಿ, ಕಾಯಿಲೆ ಮಾತ್ರ ಕೆಲವರಿಗೇ ಯಾಕೆ?

ನಾನು ಲ್ಯಾಬಲ್ಲಿ ಕೆಲಸ ಮಾಡೋದು ಅಂತ ಗೊತ್ತಾದ ಕೂಡ್ಲೇ ಜನ ಕೇಳೋದು ಒಂದೇ: "ಶ್ವಾಸಕೋಶಕ್ಕೂ ಫಂಗಸ್ ಬರುತ್ತಂತಲ್ಲ, ಬರದೇ ಇರೋ ಹಾಗೆ ಇಮ್ಯುನಿಟಿ ಜಾಸ್ತಿ ಮಾಡ್ಕೊಳ್ಳೋದು ಹೇಗೆ?" ಬೂಷ್ಟಿಗೆ ಬೂಸ್ಟ್ ಕೇಳ್ತಾರೆ ಅಂತ ನಾವು ನಾವೇ ನಗಾಡ್ತೀವಿ. ಆದ್ರೂ ಉತ್ತರ ಕೊಡ್ಬೇಕು, ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಆಸ್ಪರ್ಜಿಲಸ್ ಅಂತ ಒಂದು ಬೂಷ್ಟು. ಅದರ ಸ್ಪೋರ್‌ಗಳನ್ನ, ಅಂದ್ರೆ ಬೀಜದಂಥ ಕಣಗಳನ್ನ, ನೀವೂ ನಾನೂ ದಿನಾ ನೂರಾರು ಲೆಕ್ಕದಲ್ಲಿ ಒಳಗೆ ಎಳ್ಕೊಳ್ತಾನೇ ಇರ್ತೀವಿ. ಒಂದೊಂದೂ 2-3 ಮೈಕ್ರಾನ್ ಅಷ್ಟೇ, ಮೂಗು ಗಂಟಲು ಎಲ್ಲ ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗಿ ಕೂರುತ್ತೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನೋ ಸೆಲ್‌ಗಳು ಗಸ್ತು ತಿರುಗ್ತಾ ಸಿಕ್ಕಿದ್ದನ್ನ ನುಂಗ್ತಿರ್ತವೆ. ಮಜಾ ಏನಂದ್ರೆ ಮಲಗಿರೋ ಸ್ಪೋರ್ ಮೈಮೇಲೆ ಪ್ರೋಟೀನಿನ ತೆಳು ಹೊದಿಕೆ, ಅದರಡಿ ಮೆಲನಿನ್ ಅನ್ನೋ ಕಪ್ಪು ಬಣ್ಣದ ಪದರ, ಹಾಗಾಗಿ ದೇಹಕ್ಕೆ ಅದರ ಗುರುತೇ ಸರಿಯಾಗಿ ಸಿಗಲ್ಲ, ಗಲಾಟೆನೂ ಏಳಲ್ಲ. ನಮಗೂ ಅದೇ ಒಳ್ಳೇದು ಬಿಡಿ, ಬಂದ ಪ್ರತಿ ಸ್ಪೋರಿಗೂ ಉರಿಯೂತ ಎದ್ದಿದ್ರೆ ಉಸಿರಾಡೋದೇ ಕಷ್ಟ ಆಗ್ತಿತ್ತು. ಅದು ಮೊಳಕೆ ಒಡೆಯೋಕೆ ಅಂತ ಉಬ್ಬಿದಾಗ ಹೊದಿಕೆ ಕಳಚುತ್ತೆ, ಅದರ ಗೋಡೆಯಲ್ಲಿರೋ ಬೀಟಾ ಗ್ಲೂಕನ್ ಅನ್ನೋ ಸಕ್ಕರೆಯ ಸರಪಳಿ ಹೊರಗೆ ಕಾಣುತ್ತೆ, ಮ್ಯಾಕ್ರೋಫೇಜ್ ಮೇಲಿರೋ ಡೆಕ್ಟಿನ್-1 ಅನ್ನೋ ಪ್ರೋಟೀನ್ ಅದನ್ನ ಗುರುತು ಹಿಡಿಯುತ್ತೆ, ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳಿಗೆ ಕರೆ ಹೋಗುತ್ತೆ.

ಆ ನ್ಯೂಟ್ರೋಫಿಲ್ ಯಾಕೆ ಬೇಕೇ ಬೇಕು ಅಂತ ಸ್ಲೈಡ್ ನೋಡಿದ್ರೆ ಗೊತ್ತಾಗುತ್ತೆ. ಕಫಕ್ಕೆ ಕೆಒಎಚ್ ಅನ್ನೋ ಕ್ಷಾರ ಹಾಕಿ ಸ್ವಲ್ಪ ಹೊತ್ತು ಬಿಟ್ರೆ ಮಿಕ್ಕಿದ್ದೆಲ್ಲ ಕರಗಿ ತಿಳಿಯಾಗುತ್ತೆ, ಫಂಗಸ್ಸಿನ ಎಳೆ ಮಾತ್ರ ಉಳಿಯುತ್ತೆ. ನಡುನಡುವೆ ಅಡ್ಡಗೋಡೆ, ಸುಮಾರು 45 ಡಿಗ್ರಿಗೆ ಕವಲು, ಒಂದೊಂದ್ಸಲ ಮೈಕ್ರೋಸ್ಕೋಪಲ್ಲಿ ಕಾಣೋ ಜಾಗದ ಈ ತುದಿಯಿಂದ ಆ ತುದಿವರೆಗೂ ಒಂದೇ ಎಳೆ. ಇದನ್ನ ಯಾವ ಸೆಲ್ ನುಂಗುತ್ತೆ ಹೇಳಿ! ಅದಕ್ಕೇ ನ್ಯೂಟ್ರೋಫಿಲ್‌ಗಳು ಸುತ್ತ ಅಂಟ್ಕೊಂಡು ಹೊರಗಿಂದಲೇ ಸುಡೋ ಕೆಮಿಕಲ್ ಸುರೀತವೆ, ಕೆಲವಂತೂ ತಮ್ಮ ಡಿಎನ್‌ಎನೇ ಬಲೆ ಥರ ಬೀಸ್ತವೆ. ಕೀಮೋ ಆಗಿ ನ್ಯೂಟ್ರೋಫಿಲ್ ಕೌಂಟ್ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ರ ಕೆಳಗೆ ಬಿದ್ದು ತುಂಬಾ ದಿನ ಅಲ್ಲೇ ಉಳಿದೋರಿಗೆ ಈ ಫಂಗಸ್ ಭಯ ಅದಕ್ಕೇ. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಆ ಕೆಮಿಕಲ್ ಮಾಡೋ ಎಂಜೈಮ್ ಕೆಟ್ಟಿರುತ್ತೆ, ಕೌಂಟ್ ನೋಡಿದ್ರೆ ನಾರ್ಮಲ್, ಕಾಟ ಮಾತ್ರ ಅದೇ.

ಎಚ್‌ಐವಿ ಇರೋರ ಕಥೆ ಬೇರೆ. ಅವರಲ್ಲಿ ಬೀಳೋದು ಸಿಡಿ4 ಟಿ ಸೆಲ್, ಅಂದ್ರೆ ಮ್ಯಾಕ್ರೋಫೇಜಿಗೆ "ಕೊಲ್ಲು" ಅಂತ ಆರ್ಡರ್ ಕೊಡೋದು. ಅದು ಅದೇ ಲೆಕ್ಕದಲ್ಲಿ 200ರ ಕೆಳಗಿಳಿದ್ರೆ ಬರೋ ಫಂಗಸ್ಸೂ ಬೇರೆ, ನ್ಯೂಮೋಸಿಸ್ಟಿಸ್. 1981ರ ಜೂನಲ್ಲಿ ಲಾಸ್ ಏಂಜಲಿಸ್‌ನ ಐದು ಜನ ಯುವಕರಿಗೆ ಈ ಫಂಗಸ್ಸಿನ ನ್ಯುಮೋನಿಯಾ ಬಂದಿದೆ ಅಂತ ಬಂದ ವರದಿಯಿಂದಲೇ ಏಡ್ಸ್ ಮೊದಲು ಜಗತ್ತಿನ ಕಣ್ಣಿಗೆ ಬಿದ್ದಿದ್ದು.

ಇನ್ನು ಇಮ್ಯುನಿಟಿ ಜಾಸ್ತಿ ಆದ್ರೆ? ಅದೂ ಕಾಯಿಲೆನೇ. ಕೆಲವು ಅಸ್ತಮಾ ಪೇಶೆಂಟ್‌ಗಳಲ್ಲಿ ಆಸ್ಪರ್ಜಿಲಸ್ ಶ್ವಾಸಕೋಶದ ಗೋಡೆ ಕೊರೆಯೋದೇ ಇಲ್ಲ, ಕಫದಲ್ಲಿ ಸುಮ್ನೆ ಬೆಳ್ಕೊಂಡಿರುತ್ತೆ, ದೇಹವೇ ಅದರ ಮೇಲೆ ರೇಗಿ ಐಜಿಇ ಅನ್ನೋ ಅಲರ್ಜಿಯ ಆ್ಯಂಟಿಬಾಡಿ, ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಎಲ್ಲ ಏರಿಸ್ಕೊಂಡು ಉಸಿರಾಟದ ಕೊಳವೆಗಳನ್ನ ಹಾಳು ಮಾಡ್ಕೊಳ್ಳುತ್ತೆ. ಅವರಿಗೆ ಇಮ್ಯುನಿಟಿ ತಗ್ಗಿಸೋಕೆ ಸ್ಟೀರಾಯ್ಡ್ ಕೊಡ್ತಾರೆ. ಅದೇ ಸ್ಟೀರಾಯ್ಡನ್ನ ಬೇರೆ ಯಾವ್ದಕ್ಕೋ ಹೆಚ್ಚು ಡೋಸಲ್ಲಿ ತಿಂಗಳುಗಟ್ಲೆ ತಗೊಂಡೋರಿಗೆ ಅದೇ ಆಸ್ಪರ್ಜಿಲಸ್ ಗೋಡೆ ಕೊರ್ಕೊಂಡು ಒಳಗೆ ಹೋಗ್ಬಹುದು. (ಅದಕ್ಕಂತ ನೀವೇ ನಡುವೆ ನಿಲ್ಲಿಸೋಕೆ ಹೋಗ್ಬೇಡಿ, ಅದು ಇನ್ನೂ ಅಪಾಯ, ಡಾಕ್ಟರನ್ನ ಕೇಳಿ.)

ಅದಕ್ಕೇ ಯಾರಾದ್ರೂ ಆ ಪ್ರಶ್ನೆ ಕೇಳಿದ್ರೆ ನಾನು ವಾಪಸ್ ಕೇಳೋದು ಮೂರೇ: ಶುಗರ್ ಕಂಟ್ರೋಲ್ ತಪ್ಪಿದ್ಯಾ, ಸ್ಟೀರಾಯ್ಡ್ ಏನಾದ್ರೂ ನಡೀತಿದ್ಯಾ, ಕೀಮೋ ಅಥವಾ ಟ್ರಾನ್ಸ್‌ಪ್ಲಾಂಟ್ ಆಗಿದ್ಯಾ. ಯಾವ್ದೂ ಇಲ್ಲ ಅಂದ್ರೆ ಬೂಸ್ಟರ್ ಡಬ್ಬಿ ಅಂಗಡಿಯಲ್ಲೇ ಇರ್ಲಿ.