ಬಸ್ಸಿನ ಚಿಲ್ಲರೆ ಮತ್ತು ಪ್ರೋಟಾನ್

ಇವತ್ತು ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಹಿಂದೆ ಸಿಕ್ಕಿಕೊಂಡಿದ್ದ ತಾತ ಇಪ್ಪತ್ತರ ನೋಟು ಚಾಚಿದರು. ಅದು ಕೈಯಿಂದ ಕೈಗೆ ದಾಟಿ ಕಂಡಕ್ಟರ್‌ಗೆ ತಲುಪಿತು. ಯಾರೂ ನಿಂತಲ್ಲಿಂದ ಅಲುಗಾಡಲಿಲ್ಲ.

ನನಗೆ ಸುಮ್ನೆ ಗ್ರೋಟಸ್ ಎಂಬ ರಸಾಯನ ವಿಜ್ಞಾನಿ ನೆನಪಾದ. ನೀರಿನಲ್ಲಿ ವಿದ್ಯುತ್ ಹೇಗೆ ಸಾಗುತ್ತದೆ ಅಂತ 1806ರಲ್ಲಿ ಇಂಥದ್ದೇ ಒಂದು ಸರಪಳಿ ಕಲ್ಪಿಸಿಕೊಂಡವನು. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಆ ಸರಪಳಿಯಲ್ಲಿ ದಾಟುವ ಪ್ರೋಟಾನ್ (ಹೈಡ್ರೋಜನ್ ಪರಮಾಣುವಿನ ಧನಾವೇಶದ ತಿರುಳು) ಎಂಬ ಹೆಸರೇ ಹುಟ್ಟಿರಲಿಲ್ಲ!

ನೀರಿನ ಅಣುಗಳು ಹೈಡ್ರೋಜನ್ ಬಂಧ ಎಂಬ ಸೆಳೆತದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಅಣುವಿಗೆ ಹೆಚ್ಚುವರಿ ಪ್ರೋಟಾನ್ ಸಿಕ್ಕರೆ, ಅದು ತನ್ನ ಬಳಿ ಇರುವ ಇನ್ನೊಂದನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ. ಅದು ಅದರ ಪಕ್ಕಕ್ಕೆ. ಆಚೆ ತುದಿಯಲ್ಲಿ ಸಿಗುವುದು ಹೊರಟ ಪ್ರೋಟಾನೇ ಆಗಿರಬೇಕಿಲ್ಲ. ತಾತನ ನೋಟನ್ನು ನಾನು ಜೇಬಿಗಿಟ್ಟು, ನನ್ನದನ್ನು ಮುಂದೆ ಕೊಟ್ಟ ಹಾಗೆ. ಅದಕ್ಕೇ ಪ್ರೋಟಾನ್ ನೀರಿನಲ್ಲಿ ಸೋಡಿಯಂ ಅಯಾನಿಗಿಂತ (ವಿದ್ಯುದಾವೇಶವಿರುವ ಸೋಡಿಯಂ ಪರಮಾಣು) ಸುಮಾರು 7 ಪಟ್ಟು ಚುರುಕು. ಸೋಡಿಯಂ ಪಾಪ, ಎಲ್ಲರನ್ನೂ ತಳ್ಳಿಕೊಂಡು ತಾನೇ ಹೋಗಬೇಕು.

ಈ ಹೈಡ್ರೋಜನ್ ಬಂಧವೋ, ತೀರಾ ಸಡಿಲ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಹೊತ್ತು ಇದ್ದು ಕಳಚಿಕೊಳ್ಳುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಗಟ್ಟಿಯಾಗಿದ್ದರೆ ಈ ಆಟವೇ ನಡೆಯುತ್ತಿರಲಿಲ್ಲ ಅಲ್ವಾ?

ನಮ್ಮ ಜೀವಕೋಶಗಳ ಶಕ್ತಿಮನೆಯಾದ ಮೈಟೋಕಾಂಡ್ರಿಯಾ ಕೂಡ ಪ್ರೋಟಾನ್‌ಗಳನ್ನು ಪೊರೆಯಾಚೆ ಪಂಪ್ ಮಾಡಿ, ಅವು ವಾಪಸ್ ನುಗ್ಗುವ ರಭಸದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಮಾಡಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಕಂಬಿ ಹಿಡಿದು ನಿಂತ ನನ್ನ ಕಾಲಿಗೆ ಬಲ ಬಂದದ್ದು ಅಲ್ಲಿಂದಲೇ.

ಅಂದಹಾಗೆ, ತಾತನ ಚಿಲ್ಲರೆ ಮಾತ್ರ ಇಳಿಯುವವರೆಗೂ ವಾಪಸ್ ಬರಲಿಲ್ಲ.